ಚೌಕಿಯಲ್ಲಿದ್ದವರ ಹೆಸರನ್ನೂ ಓದಿ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಉಡುಪಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ನಮ್ಮ ಮಾವ ತೀರಿಕೊಂಡ್ರು, ಅಮ್ಮನ ಅಣ್ಣ. 31 ವರ್ಷ ಯಕ್ಷಗಾನ ಮೇಳದಲ್ಲಿದ್ದವರು, ಆದ್ರೆ ಒಂದು ದಿನವೂ ರಂಗಸ್ಥಳ ಹತ್ತಿದವರಲ್ಲ. ಅವರದ್ದು ಚೌಕಿಯ ಕೆಲಸ, ಅಂದ್ರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗದ್ದು, ವೇಷಭೂಷಣದ್ದು. ಅವರ ವಿಷಯಕ್ಕೇ ಈ ಪತ್ರ, ಆದ್ರೆ ಅವರೊಬ್ಬರ ವಿಷಯ ಮಾತ್ರ ಅಲ್ಲ, ದಯವಿಟ್ಟು ಪೂರ್ತಿ ಓದಿ.

ಮೊನ್ನೆ ಮಂಗಳೂರಲ್ಲಿ ಒಂದು ಪ್ರಶಸ್ತಿ ಕಾರ್ಯಕ್ರಮ ಇತ್ತು. ಯಾರು ಮಾಡಿದ್ದು ಅಂತ ಹೇಳುವುದಿಲ್ಲ, ಅವರನ್ನು ದೂರ್ಲಿಕ್ಕೆ ನಾನು ಬರೀತಾ ಇಲ್ಲ, ಅವರು ಒಳ್ಳೆ ಮನಸ್ಸಿಂದಲೇ ಮಾಡಿದ್ದು. ಆಮಂತ್ರಣ ಪತ್ರಿಕೆಯಲ್ಲಿ ‘ಅಗಲಿದ ಕಲಾವಿದರಿಗೆ ನುಡಿನಮನ’ ಅಂತ ಒಂದು ಸಾಲು ಇತ್ತು, ಆ ಒಂದು ಸಾಲು ನೋಡಿಯೇ ಅತ್ತೆ ನಾನೂ ಬರ್ತೇನೆ ಅಂತ ಹೊರಟದ್ದು. ಉಡುಪಿಯಿಂದ ಬಸ್ಸಲ್ಲಿ ಹೋದೆವು. ಸ್ಟೇಜಿನ ಹಿಂದೆ ದೊಡ್ಡ ಎಲ್‌ಇಡಿ ಸ್ಕ್ರೀನು, ಹಿಂದಿನಿಂದ ಕೊಳಲು, ಒಂದೊಂದೇ ಫೋಟೋ ಬರ್ತಾ ಹೋಯ್ತು, ಹಾಡುವ ಭಾಗವತರು, ಮಾತುಗಾರಿಕೆಯ ಅರ್ಥಧಾರಿಗಳು, ಪುಂಡುವೇಷದವರು ಅಂದ್ರೆ ಎಳೆ ವೀರರ ಪಾತ್ರದವರು, ನಾಟಕದವರು ಇಬ್ಬರು, ಮತ್ತೆ ಒಬ್ಬರು ದಾನಿಗಳು. ಒಟ್ಟು 11 ಫೋಟೋ. ಅತ್ತೆ ಬೆರಳು ಮಡಚಿ ಮಡಚಿ ಎಣಿಸ್ತಾ ಇದ್ರು. ಹನ್ನೊಂದನೆಯದ್ದು ಆದ ಮೇಲೆ ಸ್ಕ್ರೀನಲ್ಲಿ ಪುನಃ ಜಾಹೀರಾತು ಬಂತು, ಎಲ್ಲರೂ ಕೂತ್ಕೊಂಡ್ರು, ಅತ್ತೆ ಮಾತ್ರ ನಿಂತೇ ಇದ್ರು, ಮತ್ತೆ ಮೆಲ್ಲ ನನ್ನ ಹತ್ತಿರ ಬಗ್ಗಿ ‘ಮುಗೀತಾ?’ ಅಂತ ಕೇಳಿದ್ರು.

ವಾಪಸ್ ಬರುವಾಗ ಮೂಲ್ಕಿ ದಾಟುವ ತನಕ ಒಂದು ಮಾತಿಲ್ಲ. ಆಮೇಲೆ ‘ಅವರಿಗೆ ಗೊತ್ತಿರ್ಲಿಕ್ಕಿಲ್ಲ ಮಗಾ’ ಅಂದ್ರು, ಅಷ್ಟೇ.

ಗೊತ್ತಿರ್ಲಿಕ್ಕಿಲ್ಲ ಅನ್ನುವುದು ಸರಿ ಸರ್, ಆದ್ರೆ ಯಾಕೆ ಗೊತ್ತಿಲ್ಲ ಅಂತ ನಾನು ಅವತ್ತಿಂದ ಯೋಚನೆ ಮಾಡ್ತಾ ಇದ್ದೇನೆ.

ಚೌಕಿಯೊಳಗೆ ಎಂತ ನಡೀತದೆ ಅಂತ ಸ್ವಲ್ಪ ಹೇಳ್ತೇನೆ, ಉದ್ಘಾಟನೆಗೆ ಬಂದವರು ಸಾಮಾನ್ಯ ಸ್ಟೇಜಿನ ಮುಂದೆಯೇ ಕೂರುವುದರಿಂದ ಅದು ಕಾಣ್ಲಿಕ್ಕೆ ಸಿಗುವುದು ಕಮ್ಮಿ. ಆಟ, ಅಂದ್ರೆ ಯಕ್ಷಗಾನ ಪ್ರದರ್ಶನ, ಇರುವ ಊರಿಗೆ ವೇಷಭೂಷಣದ ಪೆಟ್ಟಿಗೆ ಬಂದು ಇಳಿದಲ್ಲಿಂದ ಇವರ ಕೆಲಸ ಶುರು. ಕಿರೀಟ, ಭುಜಕೀರ್ತಿ, ಎದೆಕಟ್ಟು, ದಗಲೆ, ಗೆಜ್ಜೆ ಎಲ್ಲ ತೆಗ್ದು ಯಾರ್ಯಾರ ಜಾಗದಲ್ಲಿ ಯಾವ್ಯಾವುದು ಅಂತ ಜೋಡಿಸಬೇಕು, ಚೌಕಿಯಲ್ಲಿ ಹಿರಿಯರಿಂದ ಕಿರಿಯರ ತನಕ ಪ್ರತಿಯೊಬ್ಬರಿಗೂ ಒಂದು ಸ್ಥಾನ ಉಂಟಲ್ಲ, ಅದು ತಪ್ಪಬಾರದು. ಬಣ್ಣ ಕಲಾವಿದರೇ ಹಾಕ್ಕೊಳ್ತಾರೆ, ಕಟ್ಟುವಾಗ ಮಾತ್ರ ಇನ್ನೊಬ್ಬರ ಕೈ ಬೇಕೇ ಬೇಕು. ಮಾವ ಕಲಾವಿದರ ಬೆನ್ನ ಹಿಂದೆ ನಿಂತು, ಒಂದು ಮೊಣಕಾಲನ್ನು ಅವರ ಸೊಂಟಕ್ಕೆ ಒತ್ತಿ, ಹಗ್ಗ ಎಳೆದು, ಹಲ್ಲಲ್ಲಿ ಒಂದು ತುದಿ ಕಚ್ಚಿ ಹಿಡಿದು ಗಂಟು ಹಾಕುವುದನ್ನು ನಾನು ಸಣ್ಣವನಿರುವಾಗ ಎಷ್ಟೋ ಸಲ ನೋಡಿದ್ದೇನೆ. ಕಿರೀಟ ಜಾಸ್ತಿ ಬಿಗಿ ಆದ್ರೆ ನೆತ್ತಿ ಸಿಡೀತದೆ, ಪದ್ಯ ಕೇಳ್ಲಿಕ್ಕೂ ಆಗುವುದಿಲ್ಲ. ಸಡಿಲ ಆದ್ರೆ ಎರಡನೇ ಧೀಂಗಿಣಕ್ಕೆ, ಅಂದ್ರೆ ಹಾರಿ ಸುತ್ತುವ ಕುಣಿತಕ್ಕೆ, ಓಲಾಡ್ತದೆ. ಯಾರ ತಲೆಗೆ ಎಷ್ಟು ಬಿಗಿ ಅಂತ ಮಾವನಿಗೆ ಬಾಯಿಪಾಠ, ಕೇಳುವುದೇ ಇಲ್ಲ, ಕೈಗೇ ಗೊತ್ತಿತ್ತು. ಮಹಿಷಾಸುರ ಸಭೆಯ ಮಧ್ಯದಿಂದ ದೊಂದಿ ಬೆಳಕಲ್ಲಿ ಅಬ್ಬರಿಸಿಕೊಂಡು ಬರುವಾಗ ಇಡೀ ಊರು ಬೊಬ್ಬೆ ಹಾಕ್ತದೆ, ಮಾವ ಆಗ ಚೌಕಿಯ ಬಾಗಿಲಲ್ಲಿ ನಿಂತು ಆ ಕೋಡನ್ನೇ ನೋಡ್ತಾ ಇರ್ತಿದ್ರು, ಎಲ್ಲಿ ಅಲುಗಾಡ್ತದಾ ಅಂತ.

ಆಗ ಈಗಿನ ಹಾಗೆ ಕಾಲಮಿತಿ ಇರ್ಲಿಲ್ಲ, ಬೆಳಗಾಗುವ ತನಕ ಆಟ. ಮಂಗಳ ಆದ ಮೇಲೆ ಕಲಾವಿದರು ಬಣ್ಣ ತೆಗ್ದು ಮಲಗ್ತಾರೆ, ಇವರು ಬೆವರಲ್ಲಿ ಚಂಡಿ ಆದ ದಗಲೆಗಳನ್ನು ಬಿಸಿಲಿಗೆ ಹಾಕಿ, ಉದುರಿದ ಮಣಿ ಹೊಲಿದು, ಪುನಃ ಪೆಟ್ಟಿಗೆ ತುಂಬಿಸಿ ಮುಂದಿನ ಊರಿಗೆ ಹೊರಡಬೇಕು. ತಿರುಗಾಟ ಶುರು ಆದ್ರೆ ಪತ್ತನಾಜೆಯ ತನಕ, ಅಂದ್ರೆ ಮೇ ಕೊನೆಗೆ ಮೇಳಗಳು ತಿರುಗಾಟ ನಿಲ್ಲಿಸುವ ದಿನದ ತನಕ, ಹೀಗೆಯೇ, 31 ವರ್ಷ.

ಈ ಬಿಟ್ಟುಹೋಗುವುದು ನಮ್ಮ ಊರಲ್ಲಿ ಮಾತ್ರವಾ ಅಂದ್ರೆ ಅಲ್ಲ. ಆಸ್ಕರ್ ಪ್ರಶಸ್ತಿಯವರು ಪ್ರತಿ ವರ್ಷ ಆ ವರ್ಷ ತೀರಿಕೊಂಡವರನ್ನು ಸ್ಕ್ರೀನಲ್ಲಿ ತೋರಿಸ್ತಾರೆ, ಮರುದಿನ ಪ್ರತಿ ವರ್ಷವೂ ಅದೇ ಗಲಾಟೆ, ಇವರನ್ನು ಯಾಕೆ ಬಿಟ್ರಿ, ಅವರನ್ನು ಯಾಕೆ ಬಿಟ್ರಿ ಅಂತ. 2010ರಲ್ಲಿ ನಟಿ ಫಾರಾ ಫಾಸೆಟ್ ಇರ್ಲಿಲ್ಲ, ಮೈಕೆಲ್ ಜಾಕ್ಸನ್ ಇದ್ರು. 2015ರಲ್ಲಿ ಹಾಸ್ಯ ಕಲಾವಿದೆ ಜೋನ್ ರಿವರ್ಸ್ ಇರ್ಲಿಲ್ಲ. 2022ರಲ್ಲಿ ನಮ್ಮ ಲತಾ ಮಂಗೇಶ್ಕರ್ ಇಲ್ಲ, ದಿಲೀಪ್ ಕುಮಾರ್ ಇಲ್ಲ, ಆಗ ಇಡೀ ದೇಶಕ್ಕೇ ಬೇಜಾರಾಯ್ತು ನೆನಪಿರಬಹುದು. ಲತಾ ಅವರನ್ನು ಅದೇ ವರ್ಷ ಸಂಗೀತ ಪ್ರಶಸ್ತಿಯ ಗ್ರ್ಯಾಮಿಯವರೂ ಬಿಟ್ಟಿದ್ರು, ಬ್ರಿಟನ್ನಿನ ಸಿನಿಮಾ ಪ್ರಶಸ್ತಿ ಬಾಫ್ಟಾದವರು ಮಾತ್ರ ನೆನಪು ಮಾಡಿದ್ರು. 2023ರಲ್ಲಿ ಪಾಲ್ ಸೊರ್ವಿನೋ ಅನ್ನುವ ಹಿರಿಯ ನಟರನ್ನು ಬಿಟ್ರು. ಅವರ ಮಗಳು ಮೀರಾ ಸೊರ್ವಿನೋ 1996ರಲ್ಲಿ ಆಸ್ಕರ್ ತಗೊಂಡಾಗ ಅಪ್ಪ ಅದೇ ಸಭೆಯಲ್ಲಿ ಕೂತು ಮುಖ ಮುಚ್ಕೊಂಡು ಅತ್ತದ್ದು, ಆ ವಿಡಿಯೋ ಈಗಲೂ ಸಿಗ್ತದೆ, ಅಂಥಾ ಅಪ್ಪನ ಮುಖ ಅದೇ ಸಮಾರಂಭದಲ್ಲಿ ಬರ್ಲಿಲ್ಲ ಅಂದ್ರೆ ಆ ಮಗಳಿಗೆ ಹೇಗಾಗಿರ್ಬೇಡ. ಅವರು ಬೇಸರವನ್ನು ಬಹಿರಂಗವಾಗಿಯೇ ಹೇಳಿದ್ರು. ಪೂರ್ತಿ ಪಟ್ಟಿ ವೆಬ್‌ಸೈಟಲ್ಲಿ ಉಂಟು ಅನ್ನುವ ಉತ್ತರ ಅಲ್ಲಿಯವರದ್ದು. ನಾನು ಅತ್ತೆಯ ಜಾಗದಲ್ಲಿ ನಿಂತು ಹೇಳ್ತೇನೆ ಸರ್, ಅದು ಸಾಕಾಗುವುದಿಲ್ಲ. ಎಲ್ಲರೂ ಎದ್ದು ನಿಂತಿರುವಾಗ ಹೆಸರು ಕೇಳುವುದು ಬೇರೆ, ಮನೆಯಲ್ಲಿ ಒಬ್ಬರೇ ಮೊಬೈಲಲ್ಲಿ ಹುಡುಕುವುದು ಬೇರೆ.

ಆದ್ರೆ ಅದೇ ಆಸ್ಕರಿಂದ ಕಲೀಲಿಕ್ಕೆ ಇನ್ನೊಂದು ವಿಷಯವೂ ಉಂಟು. ಅವರ ಪಟ್ಟಿಯಲ್ಲಿ ನಟರು ಮಾತ್ರ ಇರುವುದಲ್ಲ, ಕ್ಯಾಮೆರಾದವರು, ಎಡಿಟರುಗಳು, ಮೇಕಪ್ಪಿನವರು, ಬಟ್ಟೆಯವರು ಎಲ್ಲ ಇರ್ತಾರೆ. ಭಾರತಕ್ಕೆ ಮೊದಲ ಆಸ್ಕರ್ ತಂದ ಭಾನು ಅಥೈಯಾ ವಸ್ತ್ರವಿನ್ಯಾಸದವರು, ಕೊಲ್ಲಾಪುರದಲ್ಲಿ ಹುಟ್ಟಿದವರು. ಅವರು 2020ರಲ್ಲಿ ತೀರಿಕೊಂಡ್ರು, 2021ರ ಸಮಾರಂಭದಲ್ಲಿ ಅವರನ್ನು ತೋರಿಸಿದ್ರು. ಸಿನಿಮಾದ ಸೆಟ್ಟು ಹಾಕುವ ನಿತಿನ್ ದೇಸಾಯಿ ಅವರನ್ನು 2024ರಲ್ಲಿ ತೋರಿಸಿದ್ರು. ಬಟ್ಟೆ ಹೊಲಿದವರ ಮುಖ ಅಷ್ಟು ದೊಡ್ಡ ಪರದೆಗೆ ಬರಬಹುದಾದ್ರೆ ನಮ್ಮ ಚೌಕಿಯವರ ಹೆಸರು ನಮ್ಮ ಜಿಲ್ಲೆಯ ಸ್ಟೇಜಿಗೆ ಬರಬಾರದಾ? ಹಾಗಂತ ಅವರದ್ದೂ ಎಡವಟ್ಟು ಆದದ್ದುಂಟು, 2017ರಲ್ಲಿ ಜಾನೆಟ್ ಪ್ಯಾಟರ್ಸನ್ ಅನ್ನುವ ವಸ್ತ್ರವಿನ್ಯಾಸಕಿಯ ಹೆಸರು ಹಾಕಿ ಬದುಕಿರುವ ಇನ್ನೊಬ್ಬ ಹೆಂಗಸಿನ ಫೋಟೋ ತೋರಿಸಿದ್ರು. ತೆರೆಯ ಹಿಂದೆ ಇದ್ದವರ ಮುಖ ಯಾರಿಗೂ ಪರಿಚಯ ಇರುವುದಿಲ್ಲ, ಹಾಗಾಗಿ ಇಂಥಾ ತಪ್ಪು ಅವರಿಗೇ ಜಾಸ್ತಿ ಆಗುವುದು.

ಈಗ ನಮ್ಮ ಕಡೆಯದ್ದು. ಅರ್ಥಧಾರಿ ಕುಂಬಳೆ ಸುಂದರ ರಾವ್ ಅವರು 2022ರ ನವೆಂಬರಲ್ಲಿ ಹೋದಾಗ, ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿಯಲ್ಲಿ ಹೋದಾಗ, ಭಾಗವತ ಸುಬ್ರಹ್ಮಣ್ಯ ಧಾರೇಶ್ವರರು 2024ರ ಏಪ್ರಿಲಲ್ಲಿ ಹೋದಾಗ ಕರಾವಳಿ ಇಡೀ ಅತ್ತಿತು, ಅಳಬೇಕಾದದ್ದೇ, ಅವರಿಗೆ ಎಷ್ಟು ಗೌರವ ಮಾಡಿದ್ರೂ ಕಮ್ಮಿಯೇ. ಅವರ ಜಾಗ ತೆಗ್ದು ಮಾವನಿಗೆ ಕೊಡಿ ಅಂತ ನಾನು ಹೇಳುವುದಲ್ಲ. ಆದ್ರೆ ಮೇಳ ಅಂದ್ರೆ ಹಾಡು ವಾದ್ಯದ ಹಿಮ್ಮೇಳ, ವೇಷದ ಮುಮ್ಮೇಳ ಎರಡೇ ಅಲ್ಲ. ಆಟದ ಶುರುವಿಗೆ ಬಂದು ಹೋಗುವ ಕೋಡಂಗಿ ವೇಷದಲ್ಲಿಯೇ ವರ್ಷಗಟ್ಟಲೆ ಉಳಿದವರು ಉಂಟು. ಪ್ರಸಂಗ ಶುರು ಆಗುವ ಮೊದಲೇ ಪೂರ್ವರಂಗಕ್ಕೆ ಹಾಡಿ ಎದ್ದು ಹೋಗುವ ಸಂಗೀತಗಾರರು ಉಂಟು. ರಂಗಸ್ಥಳ ಕಟ್ಟುವವರು, ಲೈಟು ಮೈಕಿನವರು, ಅಡುಗೆಯವರು, ರಾತ್ರಿ ನಿದ್ದೆಗೆಟ್ಟು ಲಾರಿ ಓಡಿಸುವವರು.

ನೇಮದಲ್ಲಿ, ಅಂದ್ರೆ ದೈವಾರಾಧನೆಯಲ್ಲಿ, ನೋಡಿ. ದೈವನರ್ತಕರಿಗೆ, 60 ವರ್ಷ ದಾಟಿದವರಿಗೆ, ತಿಂಗಳಿಗೆ 2,000 ರೂಪಾಯಿ ಅಂತ 2022ರ ಅಕ್ಟೋಬರಲ್ಲಿ ಸರ್ಕಾರ ಘೋಷಣೆ ಮಾಡಿತು, ನಮ್ಮಲ್ಲಿ ತುಂಬ ಜನ ಖುಷಿಪಟ್ರು. ಆದ್ರೆ ಅಲ್ಲಿ ಪಕ್ಕದಲ್ಲಿ ನಿಂತು ತೆಂಬರೆ ಬಾರಿಸ್ತಾ ಪಾಡ್ದನ ಹೇಳುವ ಹೆಂಗಸು ಉಂಟಲ್ಲ, ಹೆಚ್ಚಾಗಿ ಆ ನರ್ತಕರ ತಾಯಿಯೋ ಹೆಂಡತಿಯೋ, ದೈವದ ಹುಟ್ಟು ಬೆಳವಣಿಗೆಯ ಕಥೆ ಇಡೀ ಇರುವುದೇ ಅವಳ ಬಾಯಲ್ಲಿ. ಅವಳು ಹೋದ್ರೆ ಆ ಪಾಡ್ದನದ ಎಷ್ಟು ಸಾಲು ಅವಳೊಟ್ಟಿಗೆ ಹೋಗ್ತದೆ. ಅವಳ ಹೆಸರು ಯಾವ ಸಭೆಯಲ್ಲಿ ಓದಿದ್ದಾರೆ ಹೇಳಿ. ನಾನಂತೂ ಕೇಳ್ಲಿಲ್ಲ. ಎಳೆ ತೆಂಗಿನ ಗರಿ ಸೀಳಿ ದೈವದ ಉಡುಗೆಯ ಸಿರಿ ಮಾಡುವವರು, ಡೋಲು ಬಾರಿಸುವವರು, ಇವರೆಲ್ಲರ ಕಥೆಯೂ ಅದೇ.

ನಾನು ಈ ಪತ್ರ ಬರೀಲಿಕ್ಕೆ ನಿಜವಾದ ಕಾರಣ ಇನ್ನೊಂದು. ಮಾವನಿಗೆ ನಿಮ್ಮ ಇಲಾಖೆಯ ಮಾಸಾಶನ ಬರ್ತಾ ಇತ್ತು. ಬದುಕಿದ್ದೇನೆ ಅಂತ ಪ್ರಮಾಣಪತ್ರ ಕೊಡ್ಲಿಕ್ಕೆ ಮಾವ ಬಿಳಿ ಅಂಗಿ ಹಾಕ್ಕೊಂಡು ನನ್ನ ಸ್ಕೂಟರಲ್ಲಿ ಹಿಂದೆ ಕೂತು ಬರ್ತಿದ್ರು. ತೀರಿಕೊಂಡ ಮೇಲೆ ಅತ್ತೆ ಮತ್ತು ನಾನು ಹೋಗಿ ಮರಣ ಪ್ರಮಾಣಪತ್ರ ಕೊಟ್ಟು ಬಂದೆವು, ಅಲ್ಲಿಯವರು ಕೂರಿಸಿ ಒಳ್ಳೆ ಮಾತಾಡಿಸಿಯೇ ಕಳಿಸಿದ್ರು. ಆಮೇಲೆ ದುಡ್ಡು ನಿಂತಿತು, ಅದಕ್ಕೆ ಬೇಜಾರಿಲ್ಲ. ಆದ್ರೆ ಯೋಚನೆ ಮಾಡಿ ಸರ್, ಮಾವ ಕಲಾವಿದರು ಅಂತ ಒಪ್ಪಿಕೊಂಡದ್ದು ಸರ್ಕಾರ, ಮಾವ ಸತ್ತದ್ದು ಯಾವ ದಿನ ಅಂತ ಬರೆದಿಟ್ಟುಕೊಂಡದ್ದೂ ಸರ್ಕಾರ. ಇಡೀ ರಾಜ್ಯದಲ್ಲಿ ಯಾವ ಬಡ ಕಲಾವಿದರು ಯಾವಾಗ ಹೋದ್ರು ಅನ್ನುವ ಲೆಕ್ಕ ಹೀಗೆ ಇಟ್ಟಿರುವುದು ನಿಮ್ಮ ಇಲಾಖೆ. ಆ ಮಾಹಿತಿ ಈಗ ದುಡ್ಡು ನಿಲ್ಲಿಸ್ಲಿಕ್ಕೆ ಬಳಕೆ ಆಗ್ತದೆ, ಅದನ್ನೇ ಹೆಸರು ಓದ್ಲಿಕ್ಕೂ ಬಳಸಿ ಅನ್ನುವುದು ನನ್ನ ಕೋರಿಕೆ. ಹೊಸ ಸಮಿತಿ ಬೇಡ, ಹೊಸ ಅರ್ಜಿ ಬೇಡ, ಅತ್ತೆಯಂಥವರನ್ನು ಪುನಃ ಆಫೀಸು ಹತ್ತಿಸುವುದೂ ಬೇಡ. ನವೆಂಬರ್ 1ಕ್ಕೆ ಜಿಲ್ಲೆ ಜಿಲ್ಲೆಯಲ್ಲಿ ರಾಜ್ಯೋತ್ಸವ ಮಾಡ್ತೀರಿ, ಅಕಾಡೆಮಿಗಳ ಪ್ರಶಸ್ತಿ ಸಮಾರಂಭ ಇರ್ತದೆ, ಅಲ್ಲಿ ಆ ವರ್ಷ ಆ ಜಿಲ್ಲೆಯಲ್ಲಿ ತೀರಿಕೊಂಡ ಎಲ್ಲ ಮಾಸಾಶನದ ಕಲಾವಿದರ ಹೆಸರು, ಊರು, ಮಾಡ್ತಿದ್ದ ಕೆಲಸ, ಇಷ್ಟನ್ನು ಓದಿಸಿ.

ಮಾಸಾಶನ ಸಿಗದೆಯೇ ಹೋದವರೂ ಇದ್ದಾರೆ, ಅವರೇ ಜಾಸ್ತಿ ಇರಬಹುದು. ಅವರಿಗೆ ಒಂದು ದಾರಿ ಹೇಳ್ತೇನೆ, ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವಾಗ ಆ ವರ್ಷ ತಮ್ಮ ಮೇಳದವರು, ತಮ್ಮಲ್ಲಿ ಹಿಂದೆ ಇದ್ದವರು ಯಾರ್ಯಾರು ಹೋದ್ರು ಅಂತ ಒಂದು ಪಟ್ಟಿ ಮಾಡಿ ಇಲಾಖೆಗೆ ಕಳಿಸ್ಲಿ, ಚೌಕಿಯಿಂದ ಲಾರಿಯ ತನಕ. ನಾಟಕ ತಂಡಗಳೂ ಹಾಗೆಯೇ. ಮೇಳದವರಿಗೆ ಇದು ಕಷ್ಟ ಅಲ್ಲ, ಅವರಿಗೆ ತಮ್ಮ ಜನ ಯಾರು ಅಂತ ಚೆನ್ನಾಗಿ ಗೊತ್ತುಂಟು, ಇಷ್ಟರ ತನಕ ಕೇಳಿದವರಿಲ್ಲ ಅಷ್ಟೇ.

ಟೈಮು ಸಾಲುವುದಿಲ್ಲ ಅಂತ ಯಾರಾದ್ರೂ ಹೇಳಬಹುದು. ಒಂದು ಹೆಸರಿಗೆ ಮೂರು ಸೆಕೆಂಡ್ ಅಂತ ಇಟ್ಕೊಂಡ್ರೂ ನೂರು ಹೆಸರಿಗೆ ಐದು ನಿಮಿಷ. ಸ್ವಾಗತ ಭಾಷಣದಲ್ಲಿ ಗಣ್ಯರ ಹೆಸರು ಹೇಳ್ಲಿಕ್ಕೇ ಅದಕ್ಕಿಂತ ಹೊತ್ತು ಹೋಗ್ತದೆ. ಮತ್ತೆ ಒಂದು ಹೆಸರಿಗೆ ಜೋರು ಚಪ್ಪಾಳೆ, ಇನ್ನೊಂದಕ್ಕೆ ಸುಮ್ಮನೆ, ಹಾಗೆ ಆಗದ ಹಾಗೆ ಎಲ್ಲ ಹೆಸರು ಮುಗಿಯುವ ತನಕ ಚಪ್ಪಾಳೆ ಬೇಡ ಅಂತ ಮೊದಲೇ ಹೇಳಿದ್ರೆ ಒಳ್ಳೇದು, ಆ ವ್ಯತ್ಯಾಸ ಮನೆಯವರಿಗೆ ತುಂಬ ಚುಚ್ತದೆ. ಅಕ್ಷರಮಾಲೆಯ ಕ್ರಮದಲ್ಲಿ ಓದಿ, ಆಗ ದೊಡ್ಡವರು ಮೊದಲು ಸಣ್ಣವರು ಆಮೇಲೆ ಅಂತ ಇರುವುದಿಲ್ಲ.

ತಡ ಮಾಡಬೇಡಿ ಅಂತಲೂ ಕೇಳ್ಕೊಳ್ತೇನೆ. 2019ರ ರಾಜ್ಯ ಚಲನಚಿತ್ರ ಪ್ರಶಸ್ತಿ ಪ್ರಕಟ ಆದದ್ದು 2025ರ ಜನವರಿಯಲ್ಲಿ, ಕೋವಿಡ್ ಎಲ್ಲ ಬಂತು ಒಪ್ತೇನೆ, ಆದ್ರೆ ನೆನಪಿನ ವಿಷಯ ಹಾಗೆ ಐದು ವರ್ಷ ಕಾಯುವುದಿಲ್ಲ. ಅತ್ತೆಗೆ ಈಗ 70 ದಾಟಿತು, ಕಿವಿ ಸ್ವಲ್ಪ ಮಂದ ಆಗಿದೆ, ಮುಂದಿನ ಸಾಲಲ್ಲಿ ಕೂರಿಸಿದ್ರೆ ಕೇಳ್ತದೆ.

ಇನ್ನೊಂದು ವಿಷಯ. ಫೋಟೋ ಕಡ್ಡಾಯ ಅಂತ ಮಾಡಬೇಡಿ. ಮಾವನದ್ದು ಹುಡುಕಿದೆವು, ಆಧಾರ್ ಕಾರ್ಡಿಂದು ಬಿಟ್ರೆ ಮೇಳದ ಒಂದೇ ಒಂದು ಫೋಟೋ ಸಿಕ್ಕಿತು. ಅದ್ರಲ್ಲಿ ಒಬ್ಬರು ಪ್ರಸಿದ್ಧ ವೇಷಧಾರಿ ಅರ್ಧ ವೇಷದಲ್ಲಿ ನಗ್ತಾ ಕೂತಿದ್ದಾರೆ, ಅವರ ಹಿಂದೆ ಕಿರೀಟದ ಎರಡೂ ಬದಿಯಲ್ಲಿ ಎರಡು ಕೈ ಕಾಣ್ತದೆ, ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದು. ಅದು ಮಾವ. ಮುಖ ಕಿರೀಟದ ಹಿಂದೆ ಹೋಗಿದೆ. ಅತ್ತೆ ಅದನ್ನೇ ಫ್ರೇಮು ಹಾಕಿಸಿ ದೇವರ ಕೋಣೆಯ ಹೊರಗೆ ತೂಗು ಹಾಕಿದ್ದಾರೆ.

ನಿಮ್ಮ ಉತ್ತರಕ್ಕೆ ಕಾಯ್ತೇನೆ.

ಇಂತಿ,
ಉಡುಪಿಯ ಒಬ್ಬ ಯಕ್ಷಗಾನ ಪ್ರೇಕ್ಷಕ