ಕೆಂಚನನ್ನು ತರಬೇತಿಗೆ ಕಳಿಸಬೇಡ

ಚಿರಂಜೀವಿ ಪ್ರಸನ್ನನಿಗೆ ಮಂಡ್ಯದಿಂದ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ನಾಯಿಮರಿ ಕೆಂಚನನ್ನು ತಂದು ಹದಿನೈದು ದಿನವಾಗಿಲ್ಲ, ಆಗಲೇ ದೂರಿನ ಪಟ್ಟಿ ಕಳಿಸಿದ್ದೀಯ. ಹಾಲ್‌ನಲ್ಲಿ ಉಚ್ಚೆ ಹೊಯ್ಯುತ್ತದೆ, ಚಪ್ಪಲಿ ಕಡಿಯುತ್ತದೆ, ಕರೆದರೆ ಬರುವುದಿಲ್ಲ. ಒಂದು ತಿಂಗಳು ಯಾವುದಾದರೂ ತರಬೇತಿ ಕೇಂದ್ರದಲ್ಲಿ ಬಿಟ್ಟುಬಿಡುತ್ತೇನೆ ಎಂದಿದ್ದೀಯ. ಬೇಡ. ಅಲ್ಲಿ ಅದು ತರಬೇತುದಾರನ ಮಾತು ಕೇಳುವುದನ್ನು ಕಲಿಯುತ್ತದೆ. ಕುವೆಂಪುನಗರದ ನಿಮ್ಮ ಮನೆಗೆ ಮರಳಿದ ಮೇಲೆ ನಿನ್ನ ಮಾತು ಕೇಳುವುದನ್ನು ಮತ್ತೆ ನೀನೇ ಕಲಿಸಬೇಕು. ಅದೂ ಈಗಲೇ ಏಕೆ ಕಳಿಸುತ್ತೀಯ? ನಾಯಿಮರಿ ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಯಾವ ಜನ, ಯಾವ ಸದ್ದುಗಳ ನಡುವೆ ನೆಮ್ಮದಿಯಾಗಿರುತ್ತದೋ ಅವಕ್ಕೆ ಮುಂದೆಯೂ ಅಷ್ಟಾಗಿ ಬೆದರುವುದಿಲ್ಲ. ಕೆಂಚನಿಗೆ ಈಗ ಹನ್ನೆರಡು ವಾರ. ಕುಕ್ಕರ್ ಸೀಟಿ, ಮಿಕ್ಸಿ, ಸಿಲಿಂಡರ್ ಉರುಳಿಸುವ ಸದ್ದು, ಹೆಲ್ಮೆಟ್ ಹಾಕಿಕೊಂಡು ಗೇಟಿನ ಮುಂದೆ ನಿಲ್ಲುವವರು, ಇವೆಲ್ಲ ಅದಕ್ಕೆ ನಿಮ್ಮ ಮನೆಯಲ್ಲೇ ಪರಿಚಯವಾಗಬೇಕು.

ಉಚ್ಚೆಯ ವಿಷಯ ಸುಲಭ. ಈ ವಯಸ್ಸಿನ ಮರಿ ಹಗಲಿನಲ್ಲಿ ಹೆಚ್ಚೆಂದರೆ ಮೂರು ನಾಲ್ಕು ಗಂಟೆ ತಡೆದುಕೊಂಡೀತು. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಅಂಗಳದ ಒಂದೇ ಜಾಗಕ್ಕೆ ಕರೆದುಕೊಂಡು ಹೋಗು. ರಾತ್ರಿ ಒಮ್ಮೆ ನೀನು ಏಳಬೇಕು, ಬೇರೆ ದಾರಿಯಿಲ್ಲ. ಒಳಗೆ ಹೊಯ್ದ ಜಾಗವನ್ನು ವಿನೆಗರ್ ಬೆರೆಸಿದ ನೀರಿನಿಂದ ಒರೆಸು. ಫಿನಾಯಿಲ್ ಸುರಿದರೆ ವಾಸನೆ ಹೋಯಿತೆಂದು ನಮ್ಮ ಮೂಗಿಗೆ ಅನ್ನಿಸುತ್ತದೆ, ಅದರ ಮೂಗಿಗಲ್ಲ.

ಚಪ್ಪಲಿಯದು ಹಲ್ಲಿನ ತೊಂದರೆ. ನಾಲ್ಕನೇ ತಿಂಗಳ ಹೊತ್ತಿಗೆ ಹಾಲುಹಲ್ಲು ಉದುರಲು ಶುರುವಾಗಿ, ಆರೇಳು ತಿಂಗಳಿಗೆ ಗಟ್ಟಿಹಲ್ಲು ಪೂರ್ತಿ ಬರುತ್ತದೆ. ಅಲ್ಲಿಯವರೆಗೆ ಚಪ್ಪಲಿ ಮೇಲಿಡುವ ಅಭ್ಯಾಸವನ್ನು ನೀವು ಮಾಡಿಕೊಳ್ಳಿ, ಅದಕ್ಕೆ ಅಗಿಯಲು ಬೇರೇನಾದರೂ ಕೊಡಿ.

ನನಗೆ ನಿಜವಾಗಿ ಬೇಸರವಾದದ್ದು ನೀನು ಸಲೀಸಾಗಿ ಬರೆದ ಒಂದು ಸಾಲಿಗೆ: "ಕಚೇರಿಯಿಂದ ಬಂದು ಪೇಪರ್ ಸುರುಳಿಯಲ್ಲಿ ಎರಡು ಬಿಟ್ಟರೆ ತಪ್ಪು ಮಾಡಿದ ಮುಖ ಮಾಡುತ್ತದೆ." ಅದು ತಪ್ಪಿತಸ್ಥನ ಮುಖವಲ್ಲ, ಹೆದರಿದ ಮುಖ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಅಮೆರಿಕದ ವಿಜ್ಞಾನಿ 2009ರಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದ್ದಾರೆ. ತಿನ್ನಬೇಡ ಎಂದ ತಿಂಡಿಯನ್ನು ನಾಯಿ ತಿಂದಿದ್ದರೂ ಸರಿ, ತಿನ್ನದಿದ್ದರೂ ಸರಿ, ಯಜಮಾನ ಗದರಿದಾಗಲೇ ಆ ಮುಖ ಹೆಚ್ಚಾಗಿ ಕಾಣಿಸಿಕೊಂಡಿತು. ಮಧ್ಯಾಹ್ನ ಹೊಯ್ದ ಉಚ್ಚೆಗೆ ಸಂಜೆ ಏಟು ಬಿದ್ದರೆ ಕೆಂಚ ಎರಡನ್ನೂ ಜೋಡಿಸಿಕೊಳ್ಳಲಾರ. ನಿನ್ನ ಸ್ಕೂಟರ್ ಸದ್ದಿಗೂ ಏಟಿಗೂ ಜೋಡಿಸಿಕೊಳ್ಳುತ್ತಾನೆ. ಕರೆದರೆ ಬರುವುದಿಲ್ಲ ಎಂದು ಆಮೇಲೆ ನನಗೆ ಬರೆಯುತ್ತೀಯ!

ಏಟಿನ ಬದಲು ತುತ್ತು ಹಿಡಿ. ಬೇಯಿಸಿದ ಮೊಟ್ಟೆಯ ಚೂರು ಸಾಕು, ಕಡಲೆಬೇಳೆಯಷ್ಟು. ಅದರ ಮೂಗಿನ ಮುಂದೆ ಹಿಡಿದು, ಕೈಯನ್ನು ನಿಧಾನವಾಗಿ ನೆತ್ತಿಯ ಮೇಲಿನಿಂದ ಹಿಂದಕ್ಕೆ ಒಯ್ಯಿ. ತಲೆ ಮೇಲೇಳುತ್ತದೆ, ಹಿಂಭಾಗ ತಾನಾಗಿ ನೆಲಕ್ಕೆ ಊರುತ್ತದೆ. ಊರಿದ ಆ ಕ್ಷಣಕ್ಕೇ ಶಭಾಷ್ ಎನ್ನು, ತುತ್ತು ಕೊಡು. ಎರಡು ಸೆಕೆಂಡು ತಡವಾದರೂ ಅದು ಎದ್ದು ಬಾಲ ಅಲ್ಲಾಡಿಸುತ್ತಿರುತ್ತದೆ, ನೀನು ಎದ್ದದ್ದಕ್ಕೆ ಬಹುಮಾನ ಕೊಟ್ಟಂತಾಗುತ್ತದೆ. ಬೆನ್ನು ಒತ್ತಿ ಕೂರಿಸಬೇಡ. ಒಂದು ಸಲಕ್ಕೆ ಮೂರು ನಾಲ್ಕು ನಿಮಿಷ ಸಾಕು, ಅದಕ್ಕೆ ಬೇಸರ ಬರುವ ಮೊದಲೇ ನಿಲ್ಲಿಸು. ಕರೆದಾಗ ಬಂದರೂ ಹೀಗೆಯೇ, ಎಷ್ಟು ತಡವಾಗಿ ಬಂದಿರಲಿ, ಬಂದದ್ದಕ್ಕೆ ತುತ್ತು. ಸ್ನಾನ ಮಾಡಿಸುವುದಕ್ಕೋ ಬೈಯುವುದಕ್ಕೋ ಕರೆಯಬೇಡ. ಅಂಥ ಕೆಲಸಕ್ಕೆ ನೀನೇ ಹೋಗಿ ಎತ್ತಿಕೊಂಡು ಬಾ.

ಇದಕ್ಕಿಂತ ಕಷ್ಟದ್ದು ಮನೆಯವರನ್ನು ಒಪ್ಪಿಸುವುದು. ನೀನು ಸೋಫಾದಿಂದ ಇಳಿಸುತ್ತೀಯ, ನಿನ್ನ ಮಗಳು ಹತ್ತಿಸಿಕೊಳ್ಳುತ್ತಾಳೆ. ಊಟದ ಹೊತ್ತಿನಲ್ಲಿ ಬೊಗಳಿದರೆ ಕೊಡಬಾರದು ಎಂದು ಸೊಸೆ ಹೇಳಿದರೆ, ನಿಮ್ಮಮ್ಮ ಪಾಪ ಎಂದು ಮೇಜಿನ ಕೆಳಗಿನಿಂದ ದಾಟಿಸುತ್ತಾಳೆ. ಅವಳ ಸ್ವಭಾವ ನನಗೆ ಗೊತ್ತಿಲ್ಲವೇ? ಮೂರು ದಿನ ಕೊಡದೆ ನಾಲ್ಕನೇ ದಿನ ಕೊಟ್ಟರೆ, ನಾಲ್ಕು ದಿನ ಬೊಗಳಬೇಕು ಎಂಬುದೇ ಅದರ ಪಾಠ. ಒಮ್ಮೆ ಕೊಡುವುದನ್ನು ನಿಲ್ಲಿಸಿದಾಗ ಮೊದಲು ಬೊಗಳಾಟ ಇನ್ನೂ ಜೋರಾಗುತ್ತದೆ, ಆಗ ಮಣಿಯಬೇಡಿ. ಪಾಯಸದ ದ್ರಾಕ್ಷಿಯನ್ನು ಮಾತ್ರ ಅವಳು ಅಪ್ಪಿತಪ್ಪಿಯೂ ಹಾಕಬಾರದು. ದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ.

ಪಟಾಕಿಯ ಬಗ್ಗೆಯೂ ಕೇಳಿದ್ದೀಯ. ಮೈಸೂರಿನಲ್ಲಿದ್ದು ಇದನ್ನು ನನ್ನನ್ನು ಕೇಳಬೇಕೇ? ವಿಜಯದಶಮಿಯ ದಿನ 21 ಕುಶಾಲತೋಪು ಹಾರುವಾಗ ಆನೆಗಳು ನಿಲ್ಲುವುದು ಧೈರ್ಯದಿಂದಲ್ಲ, ತಾಲೀಮಿನಿಂದ. ವಾರಗಳ ಮೊದಲೇ ಕಾಡಿನ ಶಿಬಿರಗಳಿಂದ ಬಂದು, ಮರಳಿನ ಮೂಟೆ ಹೊತ್ತು, ಮರದ ಅಂಬಾರಿ ಹೊತ್ತು ಪಳಗುತ್ತವೆ, ಆಮೇಲೆ ಅವುಗಳಲ್ಲೊಂದು 750 ಕಿಲೋ ಭಾರದ ಚಿನ್ನದ ಅಂಬಾರಿಗೆ ಹೆಗಲು ಕೊಡುತ್ತದೆ. ಫಿರಂಗಿ ಸದ್ದಿಗೂ ಹಬ್ಬಕ್ಕೆ ಮುಂಚೆಯೇ ಬೇರೆಯಾಗಿ ತಾಲೀಮು ನಡೆಯುತ್ತದೆ, ಕುದುರೆಗಳಿಗೂ ಸೇರಿ. ಕೆಂಚನಿಗೂ ದೀಪಾವಳಿಗೆ ಮೊದಲೇ ಶುರುಮಾಡು. ಅವನು ಉಣ್ಣುತ್ತಿರುವಾಗ ಮೊಬೈಲ್‌ನಲ್ಲಿ ಪಟಾಕಿ ಸದ್ದನ್ನು ಕೇಳಿಸಿಯೂ ಕೇಳಿಸದಷ್ಟು ಸಣ್ಣಗೆ ಹಾಕು. ತಟ್ಟೆಯಿಂದ ತಲೆ ಎತ್ತದೆ ಉಣ್ಣುತ್ತಿದ್ದರೆ ಕೆಲವು ದಿನಗಳ ಮೇಲೆ ಒಂದಿಷ್ಟು ಏರಿಸು, ಕಿವಿ ಹಿಂದಕ್ಕೆ ಮಡಿಸಿದರೆ ಇಳಿಸು. ಹಬ್ಬದ ರಾತ್ರಿ ಒಳಕೋಣೆಯಲ್ಲಿ ಜೊತೆಗೆ ಯಾರಾದರೂ ಇರಿ.

ರೇಬಿಸ್ ಲಸಿಕೆಗೆ ಮೂರು ತಿಂಗಳು ತುಂಬಿದರೆ ಸಾಕು, ಈ ವಾರವೇ ಪಶು ಆಸ್ಪತ್ರೆಗೆ ಹೋಗು. ಉಳಿದ ಚುಚ್ಚುಮದ್ದುಗಳು ಮುಗಿಯುವವರೆಗೆ ಬೀದಿನಾಯಿ ಓಡಾಡುವ ಕಡೆ ನೆಲಕ್ಕೆ ಬಿಡದೆ ಎತ್ತಿಕೊಂಡು ಊರು ತೋರಿಸು. ಮುಂದಿನ ತಿಂಗಳು ಕಣ್ಣಿನ ಪರೀಕ್ಷೆಗೆ ಮೈಸೂರಿಗೆ ಬರುವವನಿದ್ದೇನೆ. ಆ ಪೇಪರ್ ಸುರುಳಿ ಅಷ್ಟರಲ್ಲಿ ರದ್ದಿಗೆ ಹೋಗಿರಲಿ.

ಇಂತಿ ನಿನ್ನ
ದೊಡ್ಡಪ್ಪ