ಹೇಸರಗತ್ತೆ ಹೊತ್ತ ಪುಸ್ತಕಗಳು

ಮಾನ್ಯರೇ,

ಬೆಟ್ಟದ ಊರು ಮತ್ತು ಪುಸ್ತಕಗಳ ಸುತ್ತ ಹೆಣೆದ ಐತಿಹಾಸಿಕ ಕಾದಂಬರಿಗಳನ್ನು ‘ಹೊತ್ತು ಕಳೆಯುವ ಓದು’ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಅಮೆರಿಕದ ಕೆಂಟಕಿ ಬೆಟ್ಟಸೀಮೆಯ ಕುದುರೆ ಗ್ರಂಥಾಲಯದ, ಅಂದರೆ ಸವಾರರು ಬೆಟ್ಟದ ಮನೆಮನೆಗೆ ಪುಸ್ತಕ ಹೊತ್ತೊಯ್ದ ಸರ್ಕಾರಿ ಯೋಜನೆಯ ಕಥೆಗಳಿಗೆ ಓದುಗರು ಒಲಿದದ್ದು ಸುಮ್ಮನೆ ಅಲ್ಲ.

1935ರಿಂದ 1943ರವರೆಗೆ ನಡೆದ ಆ ಯೋಜನೆಯಲ್ಲಿ ಸವಾರರು ಬಹುಪಾಲು ಹೆಂಗಸರು. ಸಂಬಳ ತಿಂಗಳಿಗೆ ಸುಮಾರು 28 ಡಾಲರ್. ಕುದುರೆಯನ್ನೋ ಹೇಸರಗತ್ತೆಯನ್ನೋ ಅವರೇ ಹೊಂದಿಸಿಕೊಳ್ಳಬೇಕಿತ್ತು. ಸರ್ಕಾರ ಕೂಲಿ ಕೊಟ್ಟಿತೇ ಹೊರತು ಪುಸ್ತಕಕ್ಕೆ ಕಾಸು ಬಿಚ್ಚಲಿಲ್ಲ; ದಾನವಾಗಿ ಬಂದ ಹಳೆಯ ಪುಸ್ತಕ, ಪತ್ರಿಕೆಗಳೇ ಬಂಡವಾಳ. ಕೈಯಿಂದ ಕೈಗೆ ಹೋದಂತೆ ಪುಟದ ಮೂಲೆ ಮಡಚಿ ಹರಿಯುತ್ತಿತ್ತು. ಅದಕ್ಕೆ ಮದ್ದು, ಪುಟಗುರುತಾಗಿ ಹಳೆಯ ಕ್ರಿಸ್‌ಮಸ್ ಕಾರ್ಡು! ತೀರಾ ಹರಿದದ್ದನ್ನೂ ಎಸೆಯುತ್ತಿರಲಿಲ್ಲ. ಉಳಿದ ಚಿತ್ರ, ಲೇಖನ ಕತ್ತರಿಸಿ ಅಂಟಿಸಿ ಹೊಸ ಪುಸ್ತಕ ಕಟ್ಟುತ್ತಿದ್ದರು. ಬೆಟ್ಟದ ಮನೆಗಳ ಹೆಂಗಸರು ತಮ್ಮ ಅಡುಗೆಯ ವಿಧಾನ, ಕೌದಿಯ ವಿನ್ಯಾಸ ಬರೆದುಕೊಟ್ಟರೆ ಅವೂ ಅದರೊಳಗೆ ಸೇರಿ ಮುಂದಿನ ಕಣಿವೆಗೆ ಹೋಗುತ್ತಿದ್ದವು. ಈ ಕೊಡುಕೊಳ್ಳುವಿಕೆಯೇ ಇಂಥ ಕಥೆಗಳ ಜೀವ. ಖಳನಾಯಕನ ಆರ್ಭಟ ಬೇಕಿಲ್ಲ.

ಕಾದಂಬರಿಕಾರರು ಎಡವುವುದು ಬೇರೆ ಕಡೆ. ಸವಾರಳ ಚೀಲದಲ್ಲಿ ಹೊಳೆಯುವ ಹೊಸ ಪುಸ್ತಕ ತುಂಬಿದರೆ ಕಥೆ ಅಲ್ಲೇ ಸುಳ್ಳಾಗುತ್ತದೆ. ಬೆಟ್ಟದವರನ್ನು ಅಕ್ಷರಕ್ಕೆ ಕಾದು ಕುಳಿತ ಮುಗ್ಧರೆಂದು ತೋರಿಸುವುದೂ ಅಷ್ಟೇ ತಪ್ಪು. ಹೊರಗಿನಿಂದ ಬಂದದ್ದನ್ನೆಲ್ಲ ಅನುಮಾನಿಸುವ ಮನೆಗಳೂ ಇದ್ದವು. ಅಂಥಲ್ಲಿ ಬೈಬಲ್ ಓದಿ ಹೇಳಿ ನಂಬಿಕೆ ಗಳಿಸಬೇಕಿತ್ತು. ಆ ಹೊಸ್ತಿಲ ಮೇಲಿನ ಹೊತ್ತನ್ನು ನಿಧಾನವಾಗಿ ಬರೆದವರ ಪುಟಗಳು ಮರು ಓದಿಗೂ ನಿಲ್ಲುತ್ತವೆ.

– ಓದುಗ, ಧಾರವಾಡ