ಝೆನ್ ಓಡಿತು, ಕೈ ಹಾಕಿದವರಿಗೆಲ್ಲ ಥ್ಯಾಂಕ್ಸ್

ವಿರಾಜಪೇಟೆ ಕಡೆಯ ಗದ್ದೆಯಲ್ಲಿ ಮೊನ್ನೆ ನಡೆದ ಆಟೋಕ್ರಾಸ್‌ನಲ್ಲಿ (ಮಣ್ಣಿನ ಟ್ರ್ಯಾಕಿನಲ್ಲಿ ಟೈಮ್ ನೋಡಿ ಓಡಿಸುವ ಕಾರ್ ಸ್ಪರ್ಧೆ), ಮಹಿಳೆಯರ ವಿಭಾಗದಲ್ಲಿ ನನಗೆ ಮೂರನೇ ಸ್ಥಾನ ಬಂತು. ಫೋಟೋ ನೋಡಿ ತುಂಬಾ ಜನ ಫೋನ್ ಮಾಡಿದಿರಿ, ಮೆಸೇಜ್ ಹಾಕಿದಿರಿ. ಎಲ್ಲರಿಗೂ ಥ್ಯಾಂಕ್ಸ್. ಆದರೆ ಫೋಟೋದಲ್ಲಿ ಹೆಲ್ಮೆಟ್ ಹಿಡಿದು ನಿಂತಿರುವುದು ನಾನೊಬ್ಬಳೇ. ಆ ಕಾರನ್ನು ಓಡುವ ಹಾಗೆ ಮಾಡಿದವರಲ್ಲಿ ಅರ್ಧ ಜನ ಅವತ್ತು ಗದ್ದೆ ಕಡೆ ಬಂದಿರಲೇ ಇಲ್ಲ. ಒಬ್ಬರು ಪಂಪ್‌ಸೆಟ್ ರಿಪೇರಿಗೆ ಹೋಗಿದ್ದರು, ಇನ್ನೊಬ್ಬರು ಮದುವೆಗೆ. ಚಿಕ್ಕಪ್ಪ ಹಾಕಿ ಪಂದ್ಯ ಬಿಟ್ಟು ಬರುವವರೇ ಅಲ್ಲ. ಹೆಸರು ಹಾಕಬೇಡ ಅಂತ ಎಲ್ಲರೂ ಹೇಳಿದ್ದಾರೆ, ಹಾಕುವುದಿಲ್ಲ. ಯಾರು ಅಂತ ಊರಿನವರಿಗೆ ಹೇಗೂ ಗೊತ್ತಾಗುತ್ತದೆ.

ಕಾರು ಅಪ್ಪನದು. 1998ರ ಮಾರುತಿ ಝೆನ್, ಕಾರ್ಬ್ಯುರೇಟರ್ ಗಾಡಿ. 993 ಸಿಸಿ, 50 ಬಿಎಚ್‌ಪಿ. ನಾನು ಡ್ರೈವಿಂಗ್ ಕಲಿತದ್ದೂ ಅದರಲ್ಲೇ, ತೋಟದ ರಸ್ತೆಯಲ್ಲಿ. ತೂಕ ಕಡಿಮೆ, ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ. ಆದರೆ ಗದ್ದೆ ಮಣ್ಣಿಗೆ ಇಳಿಸಿ ಎರಡನೇ ಗೇರ್ ಹಾಕಿದರೆ ಅಲ್ಲೇ ಸುಸ್ತು. ಅದಕ್ಕೇ ಮಾರುತಿಯದೇ ಎಸ್ಟೀಮ್ ಕಾರಿನ 16 ವಾಲ್ವ್ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಇಂಜಿನ್ ಕೂರಿಸುವ ಯೋಚನೆ ಬಂತು. 1298 ಸಿಸಿ, 85 ಬಿಎಚ್‌ಪಿ. ಎರಡೂ ಸುಝುಕಿಯ ಜಿ ಸರಣಿಯ ಇಂಜಿನ್‌ಗಳೇ. ಬೋರ್, ಅಂದರೆ ಸಿಲಿಂಡರ್ ಅಗಲ, 72 ಮಿ.ಮೀ. ಇದ್ದದ್ದು 74 ಆಗುತ್ತದೆ, ಅದೇನು ದೊಡ್ಡದಲ್ಲ. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 61ರಿಂದ 75.5ಕ್ಕೆ ಹೋಗುತ್ತದೆ, ಗಮ್ಮತ್ತು ಇರುವುದು ಅಲ್ಲಿ. ಕಾಲಿಟ್ಟ ಕೂಡಲೇ ಎಳೆಯುತ್ತದೆ.

ಹಳೆಯ ಬಲೆನೊ ಕಾರಿನ 1.6 ಲೀಟರ್ ಇಂಜಿನ್ ಹಾಕು ಅಂದವರೇ ಜಾಸ್ತಿ. ನಾನು ಒಪ್ಪಲಿಲ್ಲ. ಮುಂದಿನ ಚಕ್ರ ಎಳೆಯುವ ಗಾಡಿ ಇದು. ಮೂತಿ ಮೇಲೆ ಭಾರ ಹೇರಿದಷ್ಟೂ ಸಡಿಲ ಮಣ್ಣಿನಲ್ಲಿ ಸ್ಟಿಯರಿಂಗ್ ಒಂದು ಕಡೆ, ಕಾರು ಇನ್ನೊಂದು ಕಡೆ. ಇದರ ಬಗ್ಗೆ ಚಿಕ್ಕಪ್ಪನ ಜತೆ ಇನ್ನೂ ಜಗಳ ನಡೆಯುತ್ತಲೇ ಇದೆ.

ಇಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಬೆಂಗಳೂರಿನ ಒಂದು ಗುಜರಿ ಅಂಗಡಿಯಿಂದ ತಂದೆವು. ಅಂಗಡಿ ಹೆಸರು ಬೇಡ. ‘ಡಾಕ್ಟರ್ ಓಡಿಸ್ತಿದ್ದ ಗಾಡಿ ಮೇಡಂ, ಕಣ್ಣು ಮುಚ್ಚಿ ತಗೊಳ್ಳಿ’ ಅಂದಿದ್ದರು. ಮನೆಗೆ ತಂದು, ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದರೆ ಮೂರನೇ ಸಿಲಿಂಡರ್‌ನಲ್ಲಿ ಮುಳ್ಳು ಮೇಲೇಳಲೇ ಇಲ್ಲ. ಹೆಡ್ ಬಿಚ್ಚಿದೆವು. ಸಿಲಿಂಡರ್ ಗೋಡೆಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. ಅಂಗಡಿಯವರು ಆಮೇಲೆ ಫೋನ್ ಎತ್ತಲಿಲ್ಲ. ನನ್ನ ಕೈಯಲ್ಲಿದ್ದ ದುಡ್ಡು ಅಲ್ಲಿಗೆ ಖಾಲಿ.

ಆಗ ಕೈ ಹಿಡಿದದ್ದು ಅಜ್ಜಿ. ಕರಿಮೆಣಸು ಮಾರಿದ ದುಡ್ಡನ್ನು ತಂದು ಟೇಬಲ್ ಮೇಲೆ ಇಟ್ಟು, ‘ಶುರು ಮಾಡಿದ್ದನ್ನ ಮುಗಿಸು’ ಅಂದರು. ಯಾವ ರಿಪೇರಿ, ಎಷ್ಟು ಖರ್ಚು ಅಂತ ಒಂದು ಮಾತೂ ಕೇಳಲಿಲ್ಲ. ಮೈಸೂರಿನಲ್ಲಿ ಗೀರು ಹೋಗುವಷ್ಟು ಸಿಲಿಂಡರ್ ಬೋರ್ ಮಾಡಿಸಿ, 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿಸಿದೆವು. ಲೆಕ್ಕ ಹಾಕಿದರೆ ಈಗ ಅದು 1316 ಸಿಸಿ. ಆ ಹದಿನೆಂಟು ಸಿಸಿ ಅಜ್ಜಿಯದು ಅಂತ ಮನೆಯಲ್ಲಿ ತಮಾಷೆ ಮಾಡುತ್ತೇವೆ. ಬೋರ್ ಮಾಡಿದ ಮೇಸ್ತ್ರಿಗೂ ಥ್ಯಾಂಕ್ಸ್. ಯಾವ ಪಿಸ್ಟನ್ ಯಾವ ಸಿಲಿಂಡರ್‌ಗೆ ಅಂತ ಒಂದೊಂದನ್ನೂ ಅಳೆದು, ನಂಬರ್ ಬರೆದು ಕೊಟ್ಟಿದ್ದರು. ಅವರು ಬರೆದ ನಂಬರ್ ನೋಡಿಕೊಂಡೇ ನಾವು ಜೋಡಿಸಿದ್ದು.

ಇನ್ನು ಪಂಪ್‌ಸೆಟ್ ಅಣ್ಣ. ಇವರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಫೆಬ್ರವರಿ, ಮಾರ್ಚ್ ಅಂದರೆ ರೋಬಸ್ಟಾ ತೋಟಗಳಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಸಮಯ. ಹೂಮಳೆ ಕೈಕೊಟ್ಟ ವರ್ಷ ಕೆರೆ ದಂಡೆಯಲ್ಲಿ ಡೀಸೆಲ್ ಪಂಪ್ ನಿಂತರೆ ಮುಂದಿನ ಬೆಳೆಗೇ ಹೊಡೆತ. ಅಂಥ ಹೊತ್ತಿನಲ್ಲಿ ಅವರು ಬೆಳಿಗ್ಗೆಯಿಂದ ಸಂಜೆವರೆಗೆ ತೋಟ ತೋಟ ಸುತ್ತಿ, ರಾತ್ರಿ ಊಟ ಮುಗಿಸಿ ನಮ್ಮ ಕಣದ ಪಕ್ಕದ ಶೆಡ್‌ಗೆ ಬರುತ್ತಿದ್ದರು, ಹೆಗಲ ಮೇಲೆ ಇಂಜಿನ್ ಎತ್ತುವ ಚೈನ್ ಬ್ಲಾಕ್ ಹೊತ್ತುಕೊಂಡು. ಝೆನ್‌ನ ಮೌಂಟಿಂಗ್ ಇರುವ ಜಾಗಕ್ಕೆ ಎಸ್ಟೀಮ್ ಇಂಜಿನ್ ನೇರವಾಗಿ ಕೂರಲಿಲ್ಲ. ಇಂಜಿನ್ ಅನ್ನು ತೊಲೆಗೆ ನೇತು ಹಾಕಿ, ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ ಸರಿಸಿ, ಚಕ್ರ ತಿರುಗಿಸುವ ಎರಡೂ ಡ್ರೈವ್ ಶಾಫ್ಟ್ ಆರಾಮಾಗಿ ಬರುವ ಜಾಗ ಹುಡುಕಿದರು. ಆಮೇಲೆ ರಟ್ಟಿನಲ್ಲಿ ಅಳತೆ ಕತ್ತರಿಸಿ, ಅದೇ ಅಳತೆಗೆ ದಪ್ಪ ಪ್ಲೇಟ್ ಕತ್ತರಿಸಿ ಬ್ರಾಕೆಟ್ ಮಾಡಿದರು. ಮೊದಲು ಅಲ್ಲಲ್ಲಿ ಚುಕ್ಕೆ ವೆಲ್ಡಿಂಗ್. ಬಿಚ್ಚಿ, ನೋಡಿ, ಮತ್ತೆ ಕೂರಿಸಿ, ಸರಿ ಅನಿಸಿದ ಮೇಲೇ ಪೂರ್ತಿ ವೆಲ್ಡಿಂಗ್.

ಬಾನೆಟ್ ಮುಚ್ಚುತ್ತದೋ ಇಲ್ಲವೋ ಅಂತ ನೋಡಬೇಕಿತ್ತು. ಅವರು ಅಡುಗೆಮನೆ ಬಾಗಿಲಿಗೆ ಹೋಗಿ ಅಮ್ಮನ ಹತ್ತಿರ ಅಕ್ಕಿ ರೊಟ್ಟಿಗೆ ನಾದಿಟ್ಟ ಹಿಟ್ಟು ಕೇಳಿದರು. ಅಮ್ಮ ಹಸಿವಾಗಿದೆ ಅಂದುಕೊಂಡು ರೊಟ್ಟಿ ತಟ್ಟಲು ಹೊರಟರು! ಹಿಟ್ಟಿನ ಉಂಡೆಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಂಜಿನ್ ಮೇಲೆ ಮೂರು ನಾಲ್ಕು ಕಡೆ ಇಟ್ಟು, ಬಾನೆಟ್ ಮೆಲ್ಲಗೆ ಮುಚ್ಚಿ ತೆಗೆದರು. ಹಿಟ್ಟು ಎಲ್ಲಿ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ಅಲ್ಲಿ ಸಂದು. ಇಂಟೇಕ್ ಪೈಪ್ ಹತ್ತಿರ ಹಿಟ್ಟು ಕಾಗದದಷ್ಟು ತೆಳ್ಳಗಾಗಿತ್ತು. ಮಾರನೇ ದಿನ ಆ ಬ್ರಾಕೆಟ್ ಸ್ವಲ್ಪ ಕೆಳಗಿಳಿಯಿತು.

ವೈರಿಂಗ್ ಮಾಡಿದವರು ಕುಶಾಲನಗರದ ಎಲೆಕ್ಟ್ರಿಷಿಯನ್ ಅಣ್ಣ. ಕಾರ್ಬ್ಯುರೇಟರ್ ಗಾಡಿಗೆ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್), ಸೆನ್ಸರ್, ಇಂಜೆಕ್ಟರ್ ಎಲ್ಲ ಹೊಸದು. ಪೆಟ್ರೋಲ್ ಪಂಪೂ ಬೇರೆಯೇ ಬೇಕು, ಎಂಪಿಎಫ್‌ಐಗೆ ಬೇಕಾದ ಒತ್ತಡ ಹಳೆಯ ಪಂಪಿನಿಂದ ಬರುವುದಿಲ್ಲ. ಅವರು ಪ್ರತಿ ವೈರ್‌ಗೂ ಬಿಳಿ ಟೇಪ್ ಸುತ್ತಿ, ಬಾಲ್‌ಪೆನ್ನಲ್ಲಿ ಹೆಸರು ಬರೆದು, ಶಾಲೆಯ ನೋಟ್‌ಬುಕ್ಕಿನಲ್ಲಿ ಇಡೀ ನಕ್ಷೆ ಬಿಡಿಸಿದರು. ಎಲ್ಲ ಜೋಡಿಸಿದ ಮೇಲೂ ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಉಳಿದವರೆಲ್ಲ ಇಸಿಎಂ ಸತ್ತಿದೆ ಅಂತ ತೀರ್ಪು ಕೊಟ್ಟಾಗಿತ್ತು. ಅವರು ಮಾತ್ರ ಸುಮ್ನೆ ಕೂತು ಒಂದೊಂದೇ ಅರ್ತ್ ವೈರ್ ಬಿಚ್ಚಿ ನೋಡಿದರು. ಒಂದು ಅರ್ತ್ ಹೊಸ ಪೇಂಟಿನ ಮೇಲೇ ಕೂತಿತ್ತು, ಕರೆಂಟ್ ಹರಿಯುತ್ತಿರಲಿಲ್ಲ. ಉಪ್ಪುಕಾಗದ ಹಾಕಿ ಉಜ್ಜಿ, ಮತ್ತೆ ಟೈಟ್ ಮಾಡಿ, ಕೀ ತಿರುಗಿಸಿದರು. ಹಿಡಿಯಿತು. ಇಸಿಎಂ ದುಡ್ಡೂ ಉಳಿಯಿತು.

ರೋಲ್ ಕೇಜ್ (ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಪೈಪ್ ಚೌಕಟ್ಟು) ಇಲ್ಲದೆ ಓಡಿಸಬೇಡ ಅಂತ ಹಟ ಹಿಡಿದದ್ದು ಅಮ್ಮ. ಮುಖ್ಯ ಹೂಪ್‌ಗೆ, ಅಂದರೆ ಸೀಟಿನ ಹಿಂದಿನ ಕಮಾನಿಗೆ, 45 ಮಿ.ಮೀ. ಹೊರ ವ್ಯಾಸ, 2.5 ಮಿ.ಮೀ. ದಪ್ಪದ ಸೀಮ್‌ಲೆಸ್ ಪೈಪ್ ಹಾಕಿದ್ದೇವೆ. ಗೇಟ್ ಮಾಡುವ ಪೈಪ್ ಸಾಕು ಅನ್ನುವವರ ಮಾತು ದಯವಿಟ್ಟು ಕೇಳಬೇಡಿ. ರೇಡಿಯೇಟರ್, ಬ್ರೇಕ್, ಸಸ್ಪೆನ್ಷನ್ ಕಥೆ ಇನ್ನೊಮ್ಮೆ ಹೇಳುತ್ತೇನೆ.

ಅಪ್ಪ ಹಳೆ ಇಂಜಿನ್ ಇಳಿಸಿದ ದಿನ ಶೆಡ್ ಕಡೆ ತಲೆ ಹಾಕಲಿಲ್ಲ. ಟ್ಯಾಪೆಟ್ ಸೆಟ್ಟಿಂಗ್ (ವಾಲ್ವ್‌ಗಳ ಸಂದು ಹೊಂದಿಸುವ ಕೆಲಸ) ದಿನ ಮಾತ್ರ ತಾವಾಗಿಯೇ ಬಂದು ನನ್ನ ಕೈಯಿಂದ ಸಂದು ಅಳೆಯುವ ಪಟ್ಟಿ, ಫೀಲರ್ ಗೇಜ್ ತೆಗೆದುಕೊಂಡರು. ‘ಬಿಗಿಯೂ ಅಲ್ಲ, ಸಡಿಲವೂ ಅಲ್ಲ, ಎಳೆದರೆ ಉಜ್ಜಿಕೊಂಡು ಬರಬೇಕು’ ಅಂತ ಹೇಳಿಕೊಡುತ್ತಾ ಹದಿನಾರು ವಾಲ್ವ್‌ಗಳನ್ನೂ ಮುಗಿಸಿದರು. ಹಳೆ ಇಂಜಿನ್ ಟಾರ್ಪಾಲು ಹೊದ್ದು ಗೋಡೌನ್‌ನಲ್ಲಿದೆ. ಮಾರುವ ಮಾತೇ ಎತ್ತಬೇಡಿ ಅಂತ ಅಪ್ಪನ ಪರವಾಗಿ ಇಲ್ಲೇ ಹೇಳಿಬಿಡುತ್ತೇನೆ, ಈಗಾಗಲೇ ಇಬ್ಬರು ಕೇಳಿದ್ದಾರೆ.

ಕೆಲವು ಹುಡುಗರು ‘ಅಕ್ಕಾ, ನಮ್ಮ ಗಾಡಿಗೂ ಹೀಗೇ ಮಾಡಿಸ್ಬೇಕು, ಮಡಿಕೇರಿ ರೋಡಲ್ಲಿ ಓಡಿಸ್ಬೇಕು’ ಅಂತ ಮೆಸೇಜ್ ಹಾಕಿದ್ದಾರೆ. ಬೇಡಪ್ಪ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಇದಕ್ಕೆ. ಆರ್‌ಸಿಯಲ್ಲಿ ಇರುವುದು ಒಂದು, ಬಾನೆಟ್ ಕೆಳಗೆ ಇರುವುದು ಇನ್ನೊಂದು ಆಗುವಂತಿಲ್ಲ. ಇನ್ಶೂರೆನ್ಸ್ ಕೂಡ ಕೈಕೊಡಬಹುದು. ನಮ್ಮ ಝೆನ್ ಈಗ ಸ್ಪರ್ಧೆಗೆ ಮಾತ್ರ, ರಸ್ತೆಗೆ ಇಳಿಯುವುದಿಲ್ಲ. ಲಾರಿಯಲ್ಲೇ ಹೋಗುತ್ತದೆ, ಲಾರಿಯಲ್ಲೇ ಬರುತ್ತದೆ.

ಆ ಲಾರಿಯ ಅಣ್ಣನಿಗೂ ಒಂದು ನಮಸ್ಕಾರ. ಕಾಫಿ ಮೂಟೆ ಸಾಗಿಸುವ ಲಾರಿ ಅದು, ರ‍್ಯಾಂಪ್ ಎಲ್ಲಿಂದ ಬರಬೇಕು? ಮನೆ ಮುಂದಿನ ಬರೆಗೆ, ಅಂದರೆ ಮಣ್ಣು ದಿಬ್ಬಕ್ಕೆ, ಲಾರಿಯ ಹಿಂಭಾಗ ತಾಗಿಸಿ ನಿಲ್ಲಿಸಿ, ನಡುವೆ ಎರಡು ದಪ್ಪ ಹಲಗೆ ಹಾಕಿ, ಕಾರನ್ನು ತಳ್ಳಿಕೊಂಡೇ ಹತ್ತಿಸಿದೆವು. ಸ್ಪರ್ಧೆಯ ದಿನ ಅಮ್ಮತ್ತಿ ದಾರಿಯಲ್ಲಿ ಆನೆ ಇದೆ ಅಂತ ಸುದ್ದಿ ಬಂದಾಗ, ಅವರು ಇಂಜಿನ್ ಆಫ್ ಮಾಡಿ ಬೀಡಿ ಹಚ್ಚಿ, ‘ಅದು ಹೋಗ್ಲಿ, ಆಮೇಲೆ ನಾವು ಹೋಗೋಣ’ ಅಂದರು. ನನಗೆ ಸ್ಕ್ರುಟಿನಿ (ಸ್ಪರ್ಧೆಗೆ ಮುಂಚಿನ ಕಾರ್ ತಪಾಸಣೆ) ಟೈಮ್ ಮೀರುತ್ತದೆ ಅಂತ ಟೆನ್ಷನ್, ಅವರಿಗೆ ಏನೂ ಇಲ್ಲ. ಕೊನೆಗೆ ಟೈಮ್‌ಗೆ ಸರಿಯಾಗಿ ತಲುಪಿಸಿದರು.

ಕೊನೆಗೊಂದು ಮಾತು, ಪಂಪ್‌ಸೆಟ್ ಅಣ್ಣನಿಗೆ. ಬಿಲ್ ಎಷ್ಟು ಅಂತ ಕೇಳಿದಾಗಲೆಲ್ಲ ‘ನೋಡೋಣ ಬಿಡಿ’ ಅಂತೀರಿ. ಹಾಗೆ ಆಗುವುದಿಲ್ಲ. ರಾತ್ರಿ ಕೆಲಸಕ್ಕೆ ರಾತ್ರಿ ಕೂಲಿಯೇ ಹಾಕಿ, ವೆಲ್ಡಿಂಗ್ ರಾಡ್ ಸೇರಿಸಿ, ಒಂದು ಚೀಟಿಯಲ್ಲಿ ಬರೆದು ಕೊಟ್ಟು ಹೋಗಿ. ಚೈನ್ ಬ್ಲಾಕ್ ನಮ್ಮ ಶೆಡ್‌ನಲ್ಲೇ ಇದೆ, ಬಿಲ್ ಬರುವವರೆಗೆ ವಾಪಸ್ ಕೊಡುವುದಿಲ್ಲ.